ಗೂಡಿಗೆ ಹಾಕುವ ಕೆಲಸ: ಕಾಸರಗೋಡಿನ ಟಪ್ಪಾಲು ಕೋಣೆಯ ನನ್ನ ಅನುಭವ

ಅಂಚೆ ಕಚೇರಿಯ ಕೌಂಟರಿನ ಈಚೆ ನಿಂತು ಸ್ಟಾಂಪು ಕೊಳ್ಳುವವರಿಗೆ ಅದು ಅಷ್ಟಾಗಿ ಕಾಣುವುದಿಲ್ಲ. ಒಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ಮರದ ಕಪಾಟು. ಬಾಗಿಲಿಲ್ಲ, ಬೀಗವಿಲ್ಲ, ಮೇಲಿಂದ ಕೆಳಗಿನವರೆಗೂ ಬರೀ ಚೌಕ ಗೂಡುಗಳು. ಇಲಾಖೆಯ ದಾಖಲೆಯಲ್ಲಿ ಅದು ಸಾರ್ಟಿಂಗ್ ಕೇಸ್. ನಮ್ಮ ಬಾಯಲ್ಲಿ ಗೂಡು, ಅಷ್ಟೆ. ‘ಗೂಡಿಗೆ ಹಾಕಿ ಆಯ್ತಾ?’ ಅಂದರೆ ಆ ಹೊತ್ತಿನ ಟಪ್ಪಾಲನ್ನೆಲ್ಲ ಊರೂರಿಗೆ ಬೇರ್ಪಡಿಸಿ ಮುಗಿಯಿತೇ ಎಂದು ಅರ್ಥ. ಕಾಸರಗೋಡಿನಲ್ಲಿ ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ನಾನು ಜೀವನದ ದೊಡ್ಡ ಪಾಲನ್ನು ಆ ಗೂಡುಗಳ ಎದುರು ನಿಂತೇ ಕಳೆದೆ. ಈಗ ಪತ್ರ ಬರೆಯುವವರೇ ಇಲ್ಲ. ಆದರೂ ಮನೆಯಲ್ಲಿ, ಅಂಗಡಿಯಲ್ಲಿ, ಸಂಘದ ಆಫೀಸಿನಲ್ಲಿ ಕಾಗದ ವಿಂಗಡಿಸಿ ಇಡುವ ತಾಪತ್ರಯ ಯಾರಿಗೂ ತಪ್ಪಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಯ ವಿಷಯ. ಹೊಸಬರು ಒಂದು ಕಾಗದ ಎತ್ತಿಕೊಳ್ಳುತ್ತಾರೆ, ವಿಳಾಸ ಓದುತ್ತಾರೆ, ಕಪಾಟು ನೋಡುತ್ತಾರೆ, ಗೂಡು ಹುಡುಕುತ್ತಾರೆ, ಹಾಕುತ್ತಾರೆ, ಮತ್ತೆ ಮೇಜಿನ ಕಡೆ ತಿರುಗುತ್ತಾರೆ. ಹೀಗೆ ಮಾಡಿದರೆ ಮಧ್ಯಾಹ್ನದ ಚೀಲ ಸಂಜೆಗೂ ಕಟ್ಟುವುದಿಲ್ಲ. ಕಾಗದದ ಕಟ್ಟು ಎಡಗೈಯಲ್ಲಿ ಮೊಣಕೈವರೆಗೆ ಒರಗಿರಬೇಕು, ವಿಳಾಸ ನಮ್ಮ ಕಡೆಗೆ. ಎಡಗೈಯ ಹೆಬ್ಬೆರಳು ಮೇಲಿನ ಕಾಗದವನ್ನು ಅರ್ಧ ಇಂಚು ಮುಂದಕ್ಕೆ ದೂಡುತ್ತದೆ, ಬಲಗೈ ಅದನ್ನು ಎಳೆದು ಗೂಡಿಗೆ ಬಿಡುತ್ತದೆ. ಬಲಗೈ ಗೂಡಿನ ಹತ್ತಿರ ಇರುವಾಗಲೇ ಕಣ್ಣು ಮುಂದಿನ ವಿಳಾಸದ ಮೇಲಿರಬೇಕು. ಅಂದರೆ ಗೂಡನ್ನು ನೋಡಲೇಬಾರದು. ಅಡುಗೆಮನೆಯಲ್ಲಿ ಕತ್ತಲಲ್ಲೂ ಸಾಸಿವೆ ಡಬ್ಬಿಗೆ ಕೈ ಹೋಗುವ ಹಾಗೆ ಕೈಗೇ ದಾರಿ ಗೊತ್ತಿರಬೇಕು. ಕೈಗೆ ದಾರಿ ಗೊತ್ತಾಗಬೇಕಾದರೆ ಗೂಡುಗಳ ಜಾಗ ದಿನಕ್ಕೊಂದು ರೀತಿ ಇರಬಾರದು. ಎಷ್ಟೋ ಕಚೇರಿಗಳಲ್ಲಿ ಹೊಸ ಅಧಿಕಾರಿ ಬಂದ ಕೂಡಲೇ ಗೂಡಿಗೆ ಹಚ್ಚಿದ ಊರ ಹೆಸರಿನ ಚೀಟಿ ಬದಲಾಯಿಸುತ್ತಾರೆ. ಅದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ನಮ್ಮ ಕಪಾಟು ಸಾಲಿಗೆ ಏಳರಂತೆ ಆರು ಸಾಲು, 42 ಗೂಡು. ನಾನು ಹೋದಾಗ ಅದಕ್ಕೆ ಹಚ್ಚಿದ್ದ ಚೀಟಿಗಳು ಕಾಗದದ ಮೇಲೆ ನೋಡಿದರೆ ಬಹಳ ಶಿಸ್ತು. ಕಣ್ಣಿನ ಮಟ್ಟದಲ್ಲಿ ಕೇರಳ: ಕಾಞಂಗಾಡು, ನೀಲೇಶ್ವರ, ಕಣ್ಣೂರು, ಕೋಯಿಕ್ಕೋಡು, ಹಾಗೇ ತೆಂಕಕ್ಕೆ ತಿರುವನಂತಪುರದ ತನಕ. ನಮ್ಮ ಜಿಲ್ಲೆಯ ಊರುಗಳು ಅದರ ಕೆಳಗೆ. ಕರ್ನಾಟಕ? ಅದು ಬೇರೆ ಸರ್ಕಲ್, ಅಂದರೆ ಬೇರೆ ರಾಜ್ಯದ ಅಂಚೆ ವಿಭಾಗ ಆಯಿತಲ್ಲ, ತಮಿಳುನಾಡು, ಆಂಧ್ರ, ಮುಂಬಯಿಯ ಜತೆಗೆ ಕೊನೆಯ ಸಾಲಿಗೆ. ಮಂಗಳೂರಿಗೆ ಅಂತ ಒಂದೇ ಒಂದು ಗೂಡು, ಎಡಗಡೆಯ ಕೆಳಮೂಲೆಯಲ್ಲಿ. ಮೂಲೆಗುಂಪು ಅಂತಾರಲ್ಲ, ಅದು ಅಕ್ಷರಶಃ.

ಆದರೆ ಕುಂಬಳೆ, ಪೆರ್ಲ, ಮುಳ್ಳೇರಿಯದ ಮನೆಗಳ ಕಾಗದಗಳು ಎಲ್ಲಿಗೆ ಹೋಗುತ್ತವೆ? ಮಗಳನ್ನು ಕೊಟ್ಟದ್ದು ಪುತ್ತೂರಿಗೆ, ಮಗ ಓದುವುದು ಮಂಗಳೂರಲ್ಲಿ, ಅಡಕೆ ಮಾರಿದ ಲೆಕ್ಕ ಮಂಗಳೂರಿನದು, ಸೋದರಮಾವನ ಮನೆ ಸುಳ್ಯ. ಮದುವೆಯ ಕಾಲ ಬಂದರೆ ಕೇಳುವುದೇ ಬೇಡ. ಮಳೆಗಾಲದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ ಇಲ್ಲವಾದ್ದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಎಲ್ಲ ಮುಗಿಸಬೇಕೆಂದು ಅರಸಿನ ಹಚ್ಚಿದ ಕರೆಯೋಲೆಗಳು ಗೋಣಿಗಟ್ಟಲೆ ಬರುತ್ತಿದ್ದವು. ಆ ಎಡಗಡೆಯ ಮೂಲೆಗೂಡು ತುಂಬಿ, ನೆಲಕ್ಕೆ ಚೆಲ್ಲಿ, ಪಕ್ಕದ ಮುಂಬಯಿ ಗೂಡಿಗೂ ಜಾರುತ್ತಿತ್ತು. ಹಾಕಲು ಪ್ರತಿ ಸಲ ಬಗ್ಗಬೇಕು. ಎದುರಿಗೆ ಕಣ್ಣ ಮಟ್ಟದಲ್ಲಿದ್ದ ಕೊಲ್ಲಂ, ಆಲಪ್ಪುಯದ ಗೂಡುಗಳಲ್ಲಿ ದಿನಕ್ಕೆ ನಾಲ್ಕು ಕಾಗದ ಇದ್ದರೆ ಹೆಚ್ಚು.

ನಾನು ಮಾಡಿದ್ದು ಇಷ್ಟೆ. ಒಂದಷ್ಟು ಕಾಲ ಯಾವ ಗೂಡಿಗೆ ಎಷ್ಟು ಬೀಳುತ್ತದೆ ಎಂದು ಹಳೆ ಲಕೋಟೆಯ ಹಿಂಬದಿಯಲ್ಲಿ ಗೆರೆ ಎಳೆದು ಲೆಕ್ಕ ಇಟ್ಟೆ. ಆಮೇಲೆ ನಮ್ಮ ಪೋಸ್ಟ್ ಮಾಸ್ಟರರ ಹತ್ತಿರ ಹೋಗಿ ಹೇಳಿದೆ. ಅವರು ಕೊಟ್ಟಾಯಂ ಕಡೆಯವರು, ಮಾತು ಕಡಿಮೆ. ‘ಸಾರ್, ಮಂಗಳೂರನ್ನು ಮೇಲಕ್ಕೆ ತರಬೇಕು’ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಇದು ರಾಜಕೀಯ ಅಲ್ಲ ತಾನೇ?’ ಎಂದು ಕೇಳಿದರು. ಕಾಸರಗೋಡಿನಲ್ಲಿ ಇಂಥ ಮಾತು ಬಾಯಿಗೆ ಬರುವುದು ಸಹಜ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು, ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಹೋಗಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಆಮೇಲೆ ಅದು ಅಲ್ಲಿಗೇ ನಿಂತಿತು. ಅಂಥ ಊರಿನಲ್ಲಿ ‘ಮಂಗಳೂರು ಮೇಲೆ’ ಅಂದರೆ ಯಾರಿಗಾದರೂ ಕಿವಿ ನಿಮಿರುತ್ತದೆ. ‘ಇಲ್ಲ ಸಾರ್, ಸೊಂಟನೋವು’ ಎಂದು ಲಕೋಟೆಯ ಗೆರೆಗಳನ್ನು ತೋರಿಸಿದೆ. ಅವರು ಒಂದು ಸಲ ಬಗ್ಗಿ ಆ ಮೂಲೆಗೂಡಿಗೆ ತಾವೇ ಒಂದು ಕಟ್ಟು ಕಾಗದ ಹಾಕಿ ನೋಡಿದರು. ಮರುದಿನ ಚೀಟಿ ಬದಲಾಯಿಸಲು ಒಪ್ಪಿಗೆ ಸಿಕ್ಕಿತು.

ಹಾಗೆ ಹಾಕಿದ ಕ್ರಮ ಬಹಳ ವರ್ಷ ಉಳಿಯಿತು. ಎದೆಯ ಮಟ್ಟದ ಸಾಲಿನಲ್ಲಿ ಬಲಗಡೆ ಮಂಗಳೂರು, ಪುತ್ತೂರು, ವಿಟ್ಲ, ಸುಳ್ಯ. ಅದರ ಪಕ್ಕಕ್ಕೆ ಕಣ್ಣೂರು. ಅದರ ಮೇಲಿನ ಸಾಲು ಪೂರ್ತಿ ನಮ್ಮದೇ ಜಿಲ್ಲೆ. ದೂರದ ಊರುಗಳೆಲ್ಲ ತುದಿಗೆ ಮತ್ತು ಕೆಳಗೆ. ಇನ್ನೊಂದು ಸಂಗತಿ: ಯಾವ ಚೀಲ ಮೊದಲು ಬಾಯಿ ಕಟ್ಟಿ ಅರಗಿನ ಮೊಹರು ಹಾಕಿಸಿಕೊಳ್ಳುತ್ತದೋ ಆ ಚೀಲದ ಗೂಡುಗಳೆಲ್ಲ ಒಂದೇ ಕಡೆ ಸೇರಿರಬೇಕು. ರೈಲಿಗೆ ಹೊತ್ತಾದಾಗ ಎರಡು ಕೈಯಲ್ಲಿ ಬಾಚಿ ಚೀಲಕ್ಕೆ ಹಾಕಲು ಸುಲಭ. ಭೂಪಟ ನೋಡಿ ಗೂಡು ಜೋಡಿಸಿದರೆ ನೋಡಲು ಚಂದ, ಕೆಲಸಕ್ಕೆ ಬಾರದು. ಅಕಾರಾದಿಯಾಗಿ ಜೋಡಿಸಿದರಂತೂ ಕುಂಬಳೆಯ ಪಕ್ಕ ಕೊಚ್ಚಿ ಬಂದು ಕೂರುತ್ತದೆ.

ಚೀಟಿ ಯಾವ ಭಾಷೆಯಲ್ಲಿ ಬರೆಯುವುದು ಎಂಬುದು ಇದಕ್ಕಿಂತ ದೊಡ್ಡ ತಲೆನೋವು. ಕಾಸರಗೋಡು ಏಳು ಭಾಷೆ ಕೂಡುವ ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೇಳುವುದು ಚಂದ. ಮೂರು ಬೆರಳಗಲದ ಚೀಟಿಯಲ್ಲಿ ಏಳು ಭಾಷೆ ಹಿಡಿಸುವುದಿಲ್ಲ. ಕನ್ನಡದಲ್ಲಿ ಬರೆದರೆ ತೆಂಕಣದಿಂದ ವರ್ಗವಾಗಿ ಬಂದವರಿಗೆ ಓದಲು ಬಾರದು. ಮಲಯಾಳದಲ್ಲಿ ಬರೆದರೆ ಕನ್ನಡ ಶಾಲೆಯಲ್ಲಿ ಓದಿದ ಇ.ಡಿ. (ಇಲಾಖೆಯ ಕಾಯಂ ಅಲ್ಲದ) ನೌಕರರು ತಡವರಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಕಡೆಯವರಿಗೆ ಅರ್ಧಂಬರ್ಧ. ಮೂರರಲ್ಲೂ ಬರೆದರೆ ಅಕ್ಷರ ಇರುವೆಯಷ್ಟಾಗುತ್ತದೆ. ಕೊನೆಗೆ ಊರಿನ ಹೆಸರನ್ನೇ ಕೈಬಿಟ್ಟು ಅಂಕಿ ಬರೆದೆವು.

ಪಿನ್ ಕೋಡಿನ ಉಪಕಾರ ಸರಿಯಾಗಿ ಗೊತ್ತಾಗಬೇಕಾದರೆ ಗಡಿನಾಡಿನಲ್ಲಿ ಟಪ್ಪಾಲು ವಿಂಗಡಿಸಬೇಕು. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಸಂಸ್ಕೃತದ ಕವಿಯೂ ಹೌದು. ಆರು ಅಂಕಿ. ಮೊದಲನೆಯದು ವಲಯ, 1ರಿಂದ 8ರವರೆಗೆ ನೆಲದ ಭಾಗಗಳು, 9 ಸೇನೆಯ ಅಂಚೆಗೆ. ಎರಡನೆಯದು ಸೇರಿದರೆ ಉಪವಲಯ, ಮೂರನೆಯದು ಸೇರಿದರೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಕಚೇರಿ. ಕೇರಳ, ತಮಿಳುನಾಡಿಗೆ 6. ಕರ್ನಾಟಕ, ಆಂಧ್ರಕ್ಕೆ 5. ಹಾಗಾಗಿ ಕಾಸರಗೋಡು 671121, ಮಂಗಳೂರು 575001. ಮಂಜೇಶ್ವರದವರು ನಡೆದುಕೊಂಡೇ ಹೋಗಬಹುದಾದ ತಲಪಾಡಿಗೆ ಒಂದು ಕಾರ್ಡು ಬರೆದರೂ ಅದು ವಲಯ ದಾಟುತ್ತದೆ. ಪೆರ್ಲದಿಂದ ವಿಟ್ಲಕ್ಕೆ ಒಂದು ಬಸ್ಸು ಹತ್ತಿದರೆ ಆಯಿತು. ಕಾಗದ ಮಾತ್ರ ಕಾಸರಗೋಡಿಗೆ ಇಳಿದು, ಮಂಗಳೂರಿಗೆ ಏರಿ, ಅಲ್ಲಿಂದ ತಿರುಗಿ ವಿಟ್ಲಕ್ಕೆ. ಅತ್ತೆಗೆ ಸೌಖ್ಯವಿಲ್ಲ ಎಂಬ ಕಾರ್ಡು ತಲುಪುವ ಹೊತ್ತಿಗೆ ಅತ್ತೆ ಎದ್ದು ತೋಟಕ್ಕೆ ಹೋಗಿರುತ್ತಿದ್ದರು.

ಗೂಡಿನ ಮೇಲೆ ನಾವು ಆರೂ ಅಂಕಿ ಬರೆಯಲಿಲ್ಲ. ಜಿಲ್ಲೆಯ ಸಾಲಿಗೆ ಕೊನೆಯ ಮೂರು ಸಾಕು: ಕುಂಬಳೆ 321, ಉಪ್ಪಳ 322, ಮಂಜೇಶ್ವರ 323, ಮುಳ್ಳೇರಿಯ 543, ಬದಿಯಡ್ಕ 551, ಪೆರ್ಲ 552. ದೊಡ್ಡ ಕಪ್ಪು ಅಂಕಿ, ದೂರದಿಂದಲೂ ಕಾಣುತ್ತದೆ. ಯಾರ ಭಾಷೆಯೂ ಮೇಲಲ್ಲ, ಯಾರದೂ ಕೆಳಗಲ್ಲ. ಕೊಲ್ಲಂನಿಂದ ಬಂದ ಹುಡುಗನಿಗೂ ಎರಡು ದಿನದಲ್ಲಿ ಬಾಯಿಪಾಠ. ಪಿನ್ ಇಲ್ಲದ, ಕನ್ನಡದಲ್ಲಿ ಮಾತ್ರ ವಿಳಾಸ ಬರೆದ ಕಾಗದಗಳು ಮೊದಲು ನನ್ನ ಮೇಜಿಗೆ ಬರುತ್ತಿದ್ದವು. ನಾನು ಓದಿ, ಮೂಲೆಯಲ್ಲಿ ಪೆನ್ಸಿಲಿನಿಂದ ಮೂರಂಕಿ ಬರೆದು ದಾಟಿಸುತ್ತಿದ್ದೆ. ಮಲಯಾಳದವಕ್ಕೆ ಇನ್ನೊಬ್ಬರು. ಒಂದು ಸಲ ಅಂಕಿ ಬಿತ್ತೆಂದರೆ ಆ ಕಾಗದ ಯಾರ ಕೈಯಲ್ಲಿ ಹೋದರೂ ಸರಿಯಾದ ಗೂಡಿಗೇ ಬೀಳುತ್ತದೆ. ಓದುವ ಕೆಲಸವನ್ನೂ ಹಾಕುವ ಕೆಲಸವನ್ನೂ ಬೇರೆ ಮಾಡಿದ್ದೇ ನಾವು ಮಾಡಿದ ದೊಡ್ಡ ಸುಧಾರಣೆ. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ವಿಳಾಸಗಳ ಬಗ್ಗೆ ಹೇಳಹೊರಟರೆ ಮುಗಿಯದು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅಲ್ಲಿಯವರೆಗೆ ಕಣ್ಣೂರು ಜಿಲ್ಲೆ. 1956ಕ್ಕೆ ಮೊದಲು ದಕ್ಷಿಣ ಕನ್ನಡ. ಜಿಲ್ಲೆಯಾಗಿ ಎಷ್ಟೋ ಕಾಲವಾದ ಮೇಲೂ ಈ ಮೂರೂ ಜಿಲ್ಲೆಗಳ ಹೆಸರಲ್ಲಿ ಕಾಗದ ಬರುತ್ತಿತ್ತು. ಉಡುಪಿಯ ಕಡೆಯ ಹಿರಿಯರೊಬ್ಬರು ತಂಗಿಗೆ ಬರೆಯುವಾಗ ಕೊನೆಯ ಸಾಲಿನಲ್ಲಿ ತಪ್ಪದೆ ‘ಎಸ್.ಕೆ.’ ಎಂದು ಹಾಕುತ್ತಿದ್ದರು, ಸೌತ್ ಕೆನರಾ. ಅವರ ಮಟ್ಟಿಗೆ ತಂಗಿಯ ಮನೆ ಅಲ್ಲಾಡಿರಲಿಲ್ಲ. ಅದು ನಿಜವೂ ಹೌದು.

ಹೆಸರು ಒಂದೇ ಆದ ಊರುಗಳದ್ದು ಬೇರೆಯೇ ಕಥೆ. ನಮ್ಮಲ್ಲಿ ಮುಳ್ಳೇರಿಯದ ಆಚೆ ಅಡೂರು ಇದೆ. ಪತ್ತನಂತಿಟ್ಟ ಜಿಲ್ಲೆಯಲ್ಲಿ ಇನ್ನೊಂದು ಅಡೂರ್ ಇದೆ, 691523. ಪಿನ್ ಬರೆಯದಿದ್ದರೆ ನಮ್ಮ ಅಡೂರಿನ ಕಾಗದ ಕೇರಳದ ಉದ್ದಕ್ಕೂ ಪ್ರವಾಸ ಮಾಡಿ ‘ಮಿಸ್‌ಸೆಂಟ್’ (ದಾರಿ ತಪ್ಪಿ ಬಂದದ್ದು) ಎಂಬ ಠಸ್ಸೆ ಹೊಡೆಸಿಕೊಂಡು ಬರುತ್ತಿತ್ತು. ಪುತ್ತೂರು ದಕ್ಷಿಣ ಕನ್ನಡದಲ್ಲಿದೆ, ತೃಶ್ಶೂರಿನ ಹತ್ತಿರವೂ ಇದೆ, ಆಂಧ್ರದಲ್ಲೂ ಇದೆ. ಉಪ್ಪಳ ಬರೆದರೆ ಹೈದರಾಬಾದಿನ ಉಪ್ಪಲ್. ಅವಸರದ ಕೈಬರಹದಲ್ಲಿ ಮಂಜೇಶ್ವರವೂ ಮಲಪ್ಪುರದ ಮಂಜೇರಿಯೂ ಅಣ್ಣತಮ್ಮ. ಇನ್ನು ಒಂದೇ ಊರಿನೊಳಗೆ ನಾಲ್ಕು ನಾರಾಯಣ ಭಟ್ಟರು, ಆರು ಅಬ್ದುಲ್ಲ. ಅದು ಅಂಚೆಯಣ್ಣನ ಪಾಲಿನದು, ಅವನಿಗೆ ಮನೆಯ ಹೆಸರು ಸಾಕು. ಒಬ್ಬ ಅಂಚೆಯಣ್ಣನಂತೂ ‘ಕಂಚಿ ಮರದ ಭಟ್ರು’, ‘ಎರಡು ನಾಯಿ ಭಟ್ರು’ ಎಂದೇ ಲೆಕ್ಕ ಇಟ್ಟುಕೊಂಡಿದ್ದ. ಕೇಳಿಸಿದರೆ ಭಟ್ಟರೂ ನಗುತ್ತಿದ್ದರು.

ಇನ್ನು ‘ಇತರೆ’ ಗೂಡು. ಪ್ರತಿ ಕಪಾಟಿನಲ್ಲೂ ಒಂದು ಇರುತ್ತದೆ. ಎಲ್ಲಿಗೆ ಹಾಕಬೇಕೆಂದು ತಿಳಿಯದ್ದು, ಓದಲಾಗದ್ದು, ಹರಿದದ್ದು, ಸ್ಟಾಂಪು ಕಡಿಮೆಯಾದದ್ದು ಎಲ್ಲ ಅಲ್ಲಿಗೆ. ಒಬ್ಬ ಸಾರ್ಟರಿನ ಯೋಗ್ಯತೆ ತಿಳಿಯಬೇಕಾದರೆ ಅವನ ವೇಗ ನೋಡಬೇಡಿ, ಅವನ ಪಾಳಿ ಮುಗಿದ ಮೇಲೆ ಆ ಗೂಡು ನೋಡಿ. ಕೈ ಚುರುಕಾಗಿ ಓಡುತ್ತಿದ್ದ ಒಬ್ಬರಿದ್ದರು. ಅವರ ರಹಸ್ಯ ಆಮೇಲೆ ಗೊತ್ತಾಯಿತು: ಓದಲು ಸ್ವಲ್ಪ ಕಷ್ಟವಾದದ್ದೆಲ್ಲ ‘ಇತರೆ’ಗೆ. ಅಲ್ಲಿ ಬಿದ್ದ ಕಾಗದ ಕಳೆದುಹೋಗುವುದಿಲ್ಲ, ಆದರೆ ಹೋಗುವುದೂ ಇಲ್ಲ. ಯಾರಿಗೂ ಅದರ ಅವಸರ ಇಲ್ಲ. ನನ್ನ ಉಪಾಯ ಬಹಳ ಸರಳ. ಆ ಗೂಡಿನ ಒಳಗೆ ಹಿಂಭಾಗದಲ್ಲಿ ಒಂದು ಮರದ ತುಂಡು ಇಟ್ಟು ಅದನ್ನು ಗಿಡ್ಡ ಮಾಡಿಬಿಟ್ಟೆ. ಹತ್ತು ಹದಿನೈದು ಕಾಗದಕ್ಕೆ ಮುಂದಕ್ಕೆ ಚಾಚಿ ಬೀಳುವ ಹಾಗಾಯಿತು. ಬೀಳುವುದನ್ನು ಯಾರಾದರೂ ಹೆಕ್ಕಲೇಬೇಕು, ಹೆಕ್ಕಿದವರು ಓದಲೇಬೇಕು.

ಒಮ್ಮೆ ಹೈಸ್ಕೂಲಿನ ಗಣಿತದ ಮಾಷ್ಟ್ರು ಮಕ್ಕಳನ್ನು ಕರೆದುಕೊಂಡು ಬಂದರು. ಗೂಡುಗಳನ್ನು ತೋರಿಸಿ, ‘ಗೂಡು 42, ಕಾಗದ 43. ಏನು ಹೇಳಬಹುದು?’ ಎಂದು ಕೇಳಿದರು. ಮಕ್ಕಳು ಸುಮ್ಮನೆ. ‘ಹೇಗೆ ಹಾಕಿದರೂ ಒಂದು ಗೂಡಿನಲ್ಲಾದರೂ ಎರಡು ಕಾಗದ ಇರಲೇಬೇಕು’ ಎಂದರು. ಇದನ್ನು ಪಾರಿವಾಳದ ಗೂಡಿನ ತತ್ವ ಅಂತಾರಂತೆ, 19ನೇ ಶತಮಾನದ ಜರ್ಮನ್ ಗಣಿತಜ್ಞ ಡಿರಿಕ್ಲೆಯ ಹೆಸರಿನಲ್ಲೂ ಕರೆಯುತ್ತಾರಂತೆ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಹೆಸರೇ ಎಂದು ನನಗೆ ನಗು ಬಂತು. ಮಾಷ್ಟ್ರು ಬಿಡಲಿಲ್ಲ: ‘ಇಲ್ಲಿ 13 ಜನ ಇದ್ದರೆ ಇಬ್ಬರು ಒಂದೇ ತಿಂಗಳಲ್ಲಿ ಹುಟ್ಟಿದವರು. ಯಾರೆಂದು ಕೇಳಬೇಕಾಗಿಯೇ ಇಲ್ಲ.’ ನಾನೆಂದೆ, ‘ಮಾಷ್ಟ್ರೇ, ಒಂದರಲ್ಲಿ ಎರಡು ಇದ್ದೇ ಇರುತ್ತದೆ, ಸರಿ. ನನ್ನ ತೊಂದರೆ ಅದಲ್ಲ. ಒಂದರಲ್ಲಿ ಇನ್ನೂರು, ಹತ್ತರಲ್ಲಿ ಸೊನ್ನೆ. ಅದಕ್ಕೆ ನಿಮ್ಮ ಗಣಿತ ಏನು ಹೇಳ್ತದೆ?’ ಅದಕ್ಕೆ ಅವರು, ‘ಅದಕ್ಕೆ ಬಡಗಿಯನ್ನು ಕೇಳಿ’ ಅಂದುಬಿಟ್ಟರು.

ಮಳೆಗಾಲದ ಬಗ್ಗೆ ಹೇಳದಿದ್ದರೆ ಆಗದು. ಜೂನ್ ಬಂತೆಂದರೆ ಇನ್‌ಲ್ಯಾಂಡ್ ಪತ್ರಗಳ ಅಂಟು ಒದ್ದೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ವಿಟ್ಲಕ್ಕೆ ಹೋಗಬೇಕಾದ ಪತ್ರ ಕಣ್ಣೂರಿನ ಪತ್ರದ ಬೆನ್ನಿಗೆ ಅಂಟಿ ಕಣ್ಣೂರಿಗೆ ಹೋಗಿ ಬರುತ್ತದೆ. ಆ ದಿನಗಳಲ್ಲಿ ಗೂಡಿಗೆ ಹಾಕುವ ಮೊದಲು ಕಟ್ಟನ್ನು ಇಸ್ಪೀಟೆಲೆಯ ಹಾಗೆ ಬೀಸಿ ಬಿಡಿಸಬೇಕು. ಮುರಕಲ್ಲಿನ ಗೋಡೆಗೆ ತಾಗಿ ನಿಂತ ಕಪಾಟಾದರೆ ಒಳಗಡೆ ಬೂಸ್ಟು; ಕೆಳಗಿನ ಸಾಲಿಗೆ ಒರಲೆ, ಅಂದರೆ ಗೆದ್ದಲು.

ಗಲ್ಫಿನ ಕಾಗದಗಳ ಬದಿಯಲ್ಲಿ ಕೆಂಪು ನೀಲಿ ಪಟ್ಟಿ, ಕಳುಹಿಸಿದವರ ವಿಳಾಸದಲ್ಲಿ ಬೀದಿಯಿಲ್ಲ, ಮನೆಯಿಲ್ಲ, ಬರೀ ಪಿ.ಓ. ಬಾಕ್ಸ್ ನಂಬರ್. ಅಲ್ಲಿ ಮನೆ ಬಾಗಿಲಿಗೆ ಟಪ್ಪಾಲು ತರುವ ಪದ್ಧತಿ ಇರಲಿಲ್ಲ, ಎಲ್ಲ ಪೆಟ್ಟಿಗೆಗೆ. ಒಂದು ಕಂಪನಿಯ ಅಷ್ಟೂ ಕೆಲಸಗಾರರಿಗೆ ಒಂದೇ ನಂಬರ್. ನಮ್ಮ ಊರಿನ ಅರ್ಧ ಹುಡುಗರು ಹಾಗೆ ಒಂದೇ ಗೂಡಿನಲ್ಲಿದ್ದರು.

ನಮ್ಮನ್ನೂ ಆಗಾಗ ಗೂಡಿಗೆ ಹಾಕುತ್ತಿದ್ದರು. ಪ್ರತಿ ಫಾರಂನಲ್ಲಿ ‘ಮಾತೃಭಾಷೆ’ ಎಂದು ಒಂದೇ ಚೌಕ. ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಚೀಲದ ಚೀಟಿಯಲ್ಲಿ ಇಂಗ್ಲಿಷ್. ಕನ್ನಡ ಎಂದು ಬರೆದು ಮುಗಿಸುತ್ತಿದ್ದೆ. ತುಳು ಮಾತಾಡುವ ನನ್ನ ಸಹೋದ್ಯೋಗಿಯೂ ಕನ್ನಡ ಎಂದೇ ಬರೆಯುತ್ತಿದ್ದ. ಬ್ಯಾರಿ ಮಾತಾಡುವ ಇನ್ನೊಬ್ಬರು ಮಲಯಾಳ ಎಂದು ಬರೆಯುತ್ತಿದ್ದರು. ‘ಅದಲ್ಲವಲ್ಲ ಸಾಹೇಬ್ರೇ?’ ಎಂದರೆ, ‘ನಾನು ಬ್ಯಾರಿ ಅಂತ ಬರೆದರೆ ಅಲ್ಲಿ ಯಾರೋ ನನ್ನನ್ನು ಇತರೆಗೆ ಹಾಕ್ತಾರೆ’ ಎನ್ನುತ್ತಿದ್ದರು. ಅಲ್ಲಿ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿವೃತ್ತನಾದ ಮೇಲೆ ಮನೆಗೂ ಅಂಥದ್ದೊಂದು ಕಪಾಟು ಮಾಡಿಸಿದೆ. ಬೇಕೆಂದವರಿಗೆ ಅದರ ಅಳತೆ ಹೇಳುತ್ತೇನೆ. ಹಲಸಿನ ಮರ ಒಳ್ಳೆಯದು, ಒರಲೆ ಬೇಗ ಹತ್ತುವುದಿಲ್ಲ. ಗೂಡು ನಿಮ್ಮ ಮುಷ್ಟಿ ಒಳಗೆ ಹೋಗಿ ತಿರುಗುವಷ್ಟು ಅಗಲ ಇರಲಿ. ಪೋಸ್ಟ್ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಅಗಲ ಎಂದು ಅಷ್ಟಕ್ಕೇ ಮಾಡಿಸಿದರೆ ಹಾಕಬಹುದು, ತೆಗೆಯಲಾಗದು. ಗೂಡಿನ ತಳ ಒಂದೆಳೆ ಹಿಂದಕ್ಕೆ ಇಳಿಜಾರಾಗಿರಲಿ, ಕಾಗದ ಮುಂದಕ್ಕೆ ಜಾರುವುದಿಲ್ಲ. ಎಷ್ಟು ಗೂಡು ಎಂಬುದನ್ನು ಬಡಗಿಗೆ ಬಿಡಬೇಡಿ. ಅವರು ಮರ ನೋಡಿ ಹೇಳುತ್ತಾರೆ. ನೀವು ಕಾಗದ ನೋಡಿ ಹೇಳಿ. ನಮ್ಮಲ್ಲಿ ಎಂಟು ಸಾಕಾಯಿತು: ಕರೆಂಟು ಬಿಲ್ಲು, ತೀರ್ವೆ ರಶೀದಿ, ರೇಷನ್, ಬ್ಯಾಂಕು, ಆಸ್ಪತ್ರೆ, ಸೊಸೈಟಿ, ಮದುವೆ ಕಾಗದ, ಮತ್ತು ಉತ್ತರ ಬರೆಯಬೇಕಾದದ್ದು. ಒಂಬತ್ತನೆಯದಕ್ಕೆ ಮನೆಯವಳು ಹಟ ಹಿಡಿದಳು, ‘ಯಾವುದಕ್ಕೂ ಸೇರದ್ದು ಎಲ್ಲಿ ಇಡುವುದು ಮತ್ತೆ?’ ಅಂತ. ಅದು ಬೇಡ ಎಂದೆ. ಅವಳು ಕಪಾಟಿನ ನೆತ್ತಿಯನ್ನೇ ಅದಕ್ಕೆ ಬಳಸುತ್ತಿದ್ದಾಳೆ.

ಹಿಂಬದಿಗೆ ಪೂರ್ತಿ ಹಲಗೆ ಹೊಡೆಸಬೇಡಿ. ಎರಡು ಅಡ್ಡಪಟ್ಟಿ ಸಾಕು, ಗಾಳಿ ಆಡಬೇಕು. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಕಾಲಿನ ಅಡಿಗೆ ಕಲ್ಲಿನ ತುಂಡು ಇಡಿ. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಗೆ, ಎಲ್ಲ ಕಾಗದ ಹೊರಗೆ ತೆಗೆದು ಜಗಲಿಯಲ್ಲಿ ಒಂದು ಬಿಸಿಲು ಕಾಯಿಸಿ. ಹಾಗೆ ತೆಗೆದಾಗಲೇ ಕಳೆದ ವರ್ಷದ್ದನ್ನು ಬೇರೆ ಕಟ್ಟಿಡಬಹುದು.